ಫೂತ್ಕಾರದ ಗುಣದೋಷ ವಿಚಾರ: ರಾಕ್ ಸಂಗೀತದ ಕೊಳಲು ಮತ್ತು ಶಾಸ್ತ್ರೀಯ ಶ್ರವಣ

ಉಡುಪಿಯ ಶ್ರೀಕೃಷ್ಣನ ಕೈಯಲ್ಲಿ ಕೊಳಲಿಲ್ಲ. ಒಂದು ಕೈಯಲ್ಲಿ ಕಡೆಗೋಲೂ ಮತ್ತೊಂದರಲ್ಲಿ ಹಗ್ಗವೂ ಇರುವುವು. ಆದರೂ ಆ ಕ್ಷೇತ್ರದ ಸುತ್ತಣ ಸೀಮೆಯಲ್ಲಿ ಸುಷಿರವಾದ್ಯಗಳಿಗೆ ಕೊರತೆಯಿಲ್ಲ. ರಾಜಾಂಗಣದ ಕಚೇರಿಗಳಲ್ಲಿ ಬಿದಿರಿನ ಕೊಳಲು, ಕಾಪು ಕಾರ್ಕಳಗಳ ದೇವಾಲಯೋತ್ಸವಗಳಲ್ಲಿ ನಾಗಸ್ವರ ಮತ್ತು ಸ್ಯಾಕ್ಸೊಫೋನು, ಕೊರಗರ ಮೇಳಗಳಲ್ಲಿ ಡೋಲಿನೊಡನೆ ನುಡಿಯುವ ಕೊಳಲು, ಮಣಿಪಾಲದ ವಿದ್ಯಾರ್ಥಿಗಳ ಉತ್ಸವಗಳಲ್ಲಿ ರಾಕ್ ವಾದ್ಯವೃಂದ—ಇವೆಲ್ಲವೂ ಕೆಲವೇ ಹರದಾರಿಗಳ ಅಂತರದಲ್ಲಿ ಕಿವಿಗೆ ಬೀಳುವುವು. ಇಂತಹ ಸೀಮೆಯಲ್ಲಿ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಕಿವಿಯು ರಾಕ್ ಸಂಗೀತದ ಕೊಳಲನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದು ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಆ ಕಿವಿಯು ಸಂಗೀತವೆಂದು ಯಾವುದನ್ನು ಒಳಗೆ ಬಿಟ್ಟುಕೊಳ್ಳುವುದು, ಯಾವುದನ್ನು ಸದ್ದೆಂದು ಹೊರಗಿರಿಸುವುದು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ರಾಕ್ ಕೊಳಲಿನ ಮುಖ್ಯ ಪ್ರತಿನಿಧಿ ಇಯಾನ್ ಆಂಡರ್ಸನ್. ೧೯೪೭ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಈತನು ‘ಜೆತ್ರೊ ಟಲ್’ ಎಂಬ ವಾದ್ಯವೃಂದದ ಮುಖ್ಯಸ್ಥನು. ೧೯೬೭ರಲ್ಲಿ ಗಿಟಾರನ್ನು ಬದಿಗಿರಿಸಿ, ಗುರುವಿನ ನೆರವಿಲ್ಲದೆಯೇ ಕೊಳಲನ್ನು ಕೈಗೆತ್ತಿಕೊಂಡವನು. ಊದುತ್ತಿರುವಾಗಲೇ ಗಂಟಲಿನಿಂದ ಹಾಡುವುದು, ಗುನುಗುವುದು, ನಾಲಗೆಯನ್ನು ಕಂಪಿಸುವುದು, ಉಸಿರಿನ ಸದ್ದನ್ನು ಮರೆಸದೆ ಮುಂದಿಡುವುದು ಇವು ಆತನ ವಾದನದ ಲಕ್ಷಣಗಳು. ಇವು ಆತನೇ ಕಂಡುಹಿಡಿದವುಗಳಲ್ಲ. ಅಮೆರಿಕದ ಜಾಜ್ ವಾದಕ, ಅಂಧನಾದ ರೋಲಂಡ್ ಕರ್ಕ್ (೧೯೩೫–೧೯೭೭) ಈ ಮಾರ್ಗವನ್ನು ಮೊದಲೇ ತುಳಿದಿದ್ದನು. ಆತನ ‘ಸೆರೆನೇಡ್ ಟು ಎ ಕುಕೂ’ ಎಂಬ ರಚನೆಯನ್ನು ಆಂಡರ್ಸನ್ ೧೯೬೮ರ ತನ್ನ ಮೊದಲನೆಯ ಧ್ವನಿಮುದ್ರಿಕೆಯಲ್ಲಿ ಸೇರಿಸಿಕೊಂಡಿರುವನು.

ಇದಕ್ಕೆ ಶಾಸ್ತ್ರಜ್ಞರ ಪೂರ್ವಪಕ್ಷವು ಪ್ರಬಲವಾದುದು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಫೂತ್ಕಾರದ, ಎಂದರೆ ಊದುವಿಕೆಯ, ಗುಣದೋಷಗಳನ್ನು ಬೇರೆಬೇರೆಯಾಗಿ ಎಣಿಸಿರುವನು. ಸ್ನಿಗ್ಧತೆ, ಘನತೆ, ಮಾಧುರ್ಯಾದಿಗಳು ಗುಣಗಳು; ಯಮಲ, ಸ್ತೋಕ, ಕೃಶ, ಸ್ಖಲಿತಾದಿಗಳು ದೋಷಗಳು. ಯಮಲ ಶಬ್ದಕ್ಕೆ ಅವಳಿಯೆಂದು ಅರ್ಥ. ಒಂದೇ ಇರಬೇಕಾದೆಡೆ ಎರಡು ಕೇಳಿಸುವುದು ದೋಷವೆಂದ ಮೇಲೆ, ಕಂಠವೂ ಕೊಳಲೂ ಒಮ್ಮೆಗೇ ನುಡಿಯುವ ವಾದನಕ್ಕೆ ಈ ಹೆಸರೇ ಒಪ್ಪುವಂತಿದೆ. ನಾದಶಾಸ್ತ್ರದ ದೃಷ್ಟಿಯಿಂದಲೂ ಮಾತು ಇದೇ. ಹಾಡಿದ ಸ್ವರವೂ ಊದಿದ ಸ್ವರವೂ ತುಸು ಭಿನ್ನವಾದರೆ ನಾದವು ಅಲೆಅಲೆಯಾಗಿ ನಡುಗುವುದು. ಹೆಚ್ಚು ಭಿನ್ನವಾದರೆ ಅವೆರಡರ ವ್ಯತ್ಯಾಸದಿಂದ ಮೂರನೆಯ ನಾದವೊಂದು ಹುಟ್ಟಿ ಒರಟುತನವುಂಟಾಗುವುದು. ಶ್ರುತಿಯನ್ನೇ ತಾಯಿಯೆಂದು ನಂಬಿದ ಕಿವಿಯು ಇದನ್ನು ಸಹಿಸದಿರುವುದು ಸಹಜ.

ಆದರೆ ದೋಷವನ್ನು ಹೆಸರಿಸುವುದರಿಂದಲೇ ವಿಮರ್ಶೆಯು ಮುಗಿಯದು. ಅದು ಏಕೆ ಬಂತೆಂಬುದನ್ನೂ ನೋಡಬೇಕು. ಭರತನ ನಾಟ್ಯಶಾಸ್ತ್ರದ ಪ್ರಕಾರ ವಂಶದಲ್ಲಿ ಬೆರಳನ್ನು ಪೂರ್ತಿಯಾಗಿ ತೆಗೆದರೆ ಚತುಃಶ್ರುತಿಯ ಸ್ವರ, ಕಂಪಿಸಿದರೆ ತ್ರಿಶ್ರುತಿಯ ಸ್ವರ, ಅರ್ಧ ತೆಗೆದರೆ ದ್ವಿಶ್ರುತಿಯ ಸ್ವರ. ಎಂದರೆ ನಮ್ಮ ಕೊಳಲಿನ ಸೂಕ್ಷ್ಮವೆಲ್ಲ ಬೆರಳಿನ ತುದಿಯಲ್ಲಿ, ತೆರೆದ ರಂಧ್ರದ ಅಂಚಿನಲ್ಲಿ ನೆಲಸಿದೆ. ಜರ್ಮನಿಯ ಥಿಯೊಬಾಲ್ಡ್ ಬೋಮ್ ೧೮೪೭ರಲ್ಲಿ ರೂಪಿಸಿದ ಲೋಹದ ಕೊಳಲಿನಲ್ಲಾದರೋ ರಂಧ್ರಗಳನ್ನು ಮುಚ್ಚುವುದು ಕೀಲಿಗಳು. ಮುಚ್ಚಿದ ಕೀಲಿಯ ಮೇಲೆ ಬೆರಳು ಜಾರಲಾರದು. ಸ್ವರದಿಂದ ಸ್ವರಕ್ಕೆ ಮೆಟ್ಟಲಿನಂತೆ ಹಾರಬೇಕು. ಬೆರಳಿಗೆ ನಿಷಿದ್ಧವಾದ ಭಾವವು ಬೇರೆ ದಾರಿಯನ್ನು ಅರಸಿ ತುಟಿ, ನಾಲಗೆ, ಗಂಟಲುಗಳಲ್ಲಿ ಆಶ್ರಯ ಪಡೆದಿದೆ. ನಮ್ಮಲ್ಲಿ ಗಮಕವು ಮಾಡುವ ಕೆಲಸದ ಒಂದಂಶವನ್ನು ಅಲ್ಲಿ ಉಸಿರು ಮಾಡುತ್ತಿದೆ.

ಸಂಪ್ರದಾಯವೆಂಬುದೂ ಒಂದು ಕಾಲದಲ್ಲಿ ಸಂಪ್ರದಾಯವಿರುದ್ಧವಾಗಿದ್ದುದೇ ಎಂಬುದಕ್ಕೆ ಕರ್ಣಾಟಕ ಸಂಗೀತದ ಕೊಳಲಿನ ಚರಿತ್ರೆಯೇ ಸಾಕ್ಷಿ. ಪಲ್ಲಡಂ ಸಂಜೀವರಾಯರ ಕಾಲದಲ್ಲಿ ನಾಲಗೆಯಿಂದ ಸ್ವರಗಳನ್ನು ಬಿಡಿಸಿ ನುಡಿಸುವ ತುತ್ತುಕಾರಕ್ಕೆ ಮನ್ನಣೆಯಿತ್ತು. ಟಿ. ಆರ್. ಮಹಾಲಿಂಗಂ (೧೯೨೬–೧೯೮೬) ಅವರು ತುಟಿ, ಉಸಿರು, ಬೆರಳುಗಳ ವಿನ್ಯಾಸವನ್ನೇ ಬದಲಿಸಿ ಕೊಳಲನ್ನು ಹಾಡುಗಾರಿಕೆಗೆ ಸಮೀಪಿಸಿದರು. ಬೆಂಗಳೂರಿನಲ್ಲಿ ಬಹುಕಾಲ ನೆಲಸಿದ್ದ ಅವರ ಬಾನಿಯೇ ಈಗ ಬಹುಮಂದಿಗೆ ಪಾಠಕ್ರಮವಾಗಿದೆ. ಕೊಳಲು ಕಂಠವನ್ನು ಅನುಸರಿಸಬೇಕೆಂಬ ಹಂಬಲವು ಮಹಾಲಿಂಗಂ ಅವರಲ್ಲಿಯೂ ಇತ್ತು, ಆಂಡರ್ಸನನಲ್ಲಿಯೂ ಇದೆ. ಒಬ್ಬರು ಕಂಠವನ್ನು ಕೊಳಲಿನೊಳಗೆ ಕರಗಿಸಿದರು. ಮತ್ತೊಬ್ಬನು ಅದನ್ನು ಕರಗಿಸದೆ ಹಾಗೆಯೇ ತಂದನು.

ಕೀಲಿಯ ವಾದ್ಯಕ್ಕೆ ಇನ್ನೊಂದು ದಾರಿಯೂ ಉಂಟೆಂಬುದನ್ನು ಕರಾವಳಿಯೇ ತೋರಿಸಿಕೊಟ್ಟಿದೆ. ಬಂಟ್ವಾಳ ಸೀಮೆಯ ಸಜಿಪದಲ್ಲಿ ಜನಿಸಿದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಕೀಲಿಗಳ ಏರ್ಪಾಟಿನಲ್ಲಿ ಮಾರ್ಪಾಡು ಮಾಡಿಕೊಂಡು, ತುಟಿ ಉಸಿರುಗಳನ್ನು ವರ್ಷಾನುಗಟ್ಟಲೆ ಪಳಗಿಸಿ, ಅದರಲ್ಲಿ ಗಮಕವನ್ನು ನುಡಿಸಿದರು. ಈಗ ಉಡುಪಿ ಜಿಲ್ಲೆಯ ಉತ್ಸವಗಳಲ್ಲಿ ಆ ಪರದೇಶದ ವಾದ್ಯವನ್ನು ಯಾರೂ ಪರಕೀಯವೆಂದೆಣಿಸರು. ಗೋಪಾಲನಾಥರು ವಾದ್ಯವನ್ನು ರಾಗಕ್ಕೆ ಬಗ್ಗಿಸಿದರು. ಆಂಡರ್ಸನ್ ವಾದ್ಯವನ್ನು ಬಗ್ಗಿಸದೆ ಅದರ ಜತೆಯಲ್ಲಿ ತನ್ನ ಗಂಟಲನ್ನು ನಿಲ್ಲಿಸಿದನು. ಎರಡೂ ಒಂದೇ ತೊಡಕಿಗೆ ದೊರೆತ ಎರಡು ಪರಿಹಾರಗಳು.

ಇನ್ನು ಕೃತಿಗಳನ್ನು ನೋಡಬಹುದು. ೧೯೭೧ರ ‘ಲೋಕೊಮೋಟಿವ್ ಬ್ರೆತ್’ ಎಂಬ ಗೀತದ ಹೆಸರಿನಲ್ಲಿಯೇ ಉಗಿಬಂಡಿಯ ಉಸಿರಿದೆ. ಅಲ್ಲಿ ಕೊಳಲಿನ ಏದುಸಿರು ವಸ್ತುವಿಗೆ ಉಚಿತವಾದುದು; ಉಸಿರಿನ ಪೆಟ್ಟುಗಳು ಸೊಲ್ಲುಕಟ್ಟುಗಳಂತೆ ಲಯಕ್ಕೆ ಒದಗುವುವು. ಮೃದಂಗದ ನುಡಿಕಾರವನ್ನು ಬಲ್ಲ ಕಿವಿಗೆ ಇದರ ರುಚಿ ತಿಳಿಯುವುದು ಕಷ್ಟವಲ್ಲ. ೧೯೬೯ರ ‘ಬೂರೆ’ ಜರ್ಮನಿಯ ಬಾಖನ ಲ್ಯೂಟ್ ವಾದ್ಯದ ನೃತ್ಯರಚನೆಯೊಂದನ್ನು ಆಧರಿಸಿದುದು. ಅಲ್ಲಿ ಮೂಲದ ಎತ್ತುಗಡೆ, ನಡುವೆ ಮನೋಧರ್ಮ, ಕೊನೆಗೆ ಎತ್ತುಗಡೆಗೆ ಮರಳುವಿಕೆ ಎಂಬ ಕ್ರಮವಿದ್ದು, ಗಂಟಲಿನ ಗುನುಗು ಮನೋಧರ್ಮದ ಭಾಗದಲ್ಲಿ ಒಗರನ್ನು ಬೆರೆಸುವುದು. ರಾಕ್ ಕೊಳಲೆಲ್ಲವೂ ಹೀಗೆಯೇ ಎಂದು ತಿಳಿಯಬಾರದು. ‘ಮೂಡಿ ಬ್ಲೂಸ್’ ವೃಂದದ ರೇ ಥಾಮಸ್ ೧೯೬೭ರ ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಗೀತದಲ್ಲಿ ನಿರ್ಮಲವಾದ ನಾದವನ್ನೇ ಊದಿರುವನು. ಆದುದರಿಂದ ಒರಟುತನವು ಆ ಪ್ರಕಾರದ ಅನಿವಾರ್ಯತೆಯಲ್ಲ, ವಾದಕನ ಆಯ್ಕೆ. ಆಯ್ಕೆಯಾದುದರಿಂದಲೇ ಅದು ವಿಮರ್ಶೆಗೆ ಅರ್ಹವಾದುದು.

ಈ ಮಾರ್ಗದ ಮಿತಿಗಳನ್ನೂ ಹೇಳಬೇಕು. ಬ್ಲೂಸ್ ಮೂಲದ ಐದು ಸ್ವರಗಳ ಕ್ರಮವು ನಮ್ಮ ಶುದ್ಧಧನ್ಯಾಸಿಯ ಸ್ವರಗಳನ್ನು ಹೋಲುವುದು. ಅದನ್ನು ಕೆಟ್ಟ ಶುದ್ಧಧನ್ಯಾಸಿಯೆಂದು ಜರೆಯುವುದು ಅನ್ಯಾಯ. ಶುದ್ಧಧನ್ಯಾಸಿಯೇ ಎಂದು ಹೊಗಳುವುದು ಅವಿವೇಕ. ಸ್ವರಗಳ ಪಂಕ್ತಿಯೇ ರಾಗವಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ವಾದನದಲ್ಲಿ ಆವೇಶವುಂಟು, ಕ್ರಮವಾದ ವಿಸ್ತಾರವಿಲ್ಲ. ಗುನುಗು ಪ್ರತಿಯೊಂದು ಗೀತದಲ್ಲಿಯೂ ಬಂದರೆ ಅದು ಭಾವವಾಗಿ ಉಳಿಯದೆ ಚಾಳಿಯಾಗುವುದು. ಆಂಡರ್ಸನನು ೧೯೯೦ರ ದಶಕದಲ್ಲಿ, ಮಗಳ ಕೊಳಲಿನ ಪಾಠದಿಂದ ತನ್ನ ಬೆರಳುಗಾರಿಕೆಯ ತಪ್ಪುಗಳನ್ನು ಅರಿತು ಮರಳಿ ಅಭ್ಯಾಸ ಮಾಡಿದನೆಂಬುದು ಪ್ರಸಿದ್ಧ. ಶಿಸ್ತನ್ನು ಕಲಿತ ಮೇಲೆಯೂ ಆತನು ತನ್ನ ಉಸಿರಿನ ಮಾರ್ಗವನ್ನು ಬಿಡಲಿಲ್ಲ. ಅಜ್ಞಾನದ ತಪ್ಪು ಯಾವುದು, ಬುದ್ಧಿಪೂರ್ವಕವಾದ ಅತಿಕ್ರಮ ಯಾವುದು ಎಂಬ ವಿವೇಕವನ್ನು ಅಧ್ಯಾಪಕರು ಇಲ್ಲಿಂದ ಕಲಿಸಬಹುದು.

ಈ ವಿವೇಕವು ದೂರದ ದೇಶದ ವಾದಕನಿಗಿಂತ ಹತ್ತಿರದವರಿಗೆ ಹೆಚ್ಚು ಅವಶ್ಯಕವಾದುದು. ಕೊರಗರ ಡೋಲು ಕೊಳಲುಗಳು ಬಯಲಿನಲ್ಲಿ, ಕುಣಿತದ ಜತೆಯಲ್ಲಿ ಬಾಳುವಂತಹವು. ಸಭಾಂಗಣದ ಸ್ನಿಗ್ಧತೆ ಮಾಧುರ್ಯಗಳು ಅವುಗಳ ಗುರಿಯಲ್ಲ. ಕಂಬಳ ಮೊದಲಾದ ಸಂದರ್ಭಗಳಲ್ಲಿ ಡೋಲನ್ನು ಅವರಿಂದ ಬಿಟ್ಟಿಯಾಗಿ ಬಡಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕವು ೨೦೦೦ದ ಶಾಸನದಿಂದ ನಿಷೇಧಿಸಿದೆ. ಶಾಸನವು ಬಿಟ್ಟಿಯನ್ನು ನಿಲ್ಲಿಸಬಲ್ಲುದು. ಕಿವಿಯ ತಾತ್ಸಾರವನ್ನು ನಿಲ್ಲಿಸಲಾರದು. ವಿಲಾಯತಿಯ ಒರಟು ಉಸಿರನ್ನು ಹೊಸತನವೆಂದು ಮೆಚ್ಚಿ, ಕಾರ್ಕಳದ ಬಯಲಿನ ಉಸಿರನ್ನು ಸದ್ದೆಂದು ತಳ್ಳುವುದಾದರೆ ಆ ತೀರ್ಪಿನಲ್ಲಿ ಸಂಗೀತಕ್ಕಿಂತ ಜಾತಿಯೇ ಹೆಚ್ಚು ಮಾತನಾಡಿದಂತೆ.

ಆದುದರಿಂದ ಸಿದ್ಧಾಂತವಿಷ್ಟು. ಶಾಸ್ತ್ರವು ಎಣಿಸಿದ ದೋಷಗಳು ಒಂದು ಪ್ರಯೋಜನವನ್ನು ಕುರಿತು ದೋಷಗಳು. ಪ್ರಯೋಜನವು ಬೇರೆಯಾದೆಡೆ ಅವುಗಳನ್ನು ಮತ್ತೆ ತೂಗಬೇಕು. ಹಾಗೆ ತೂಗಿದಾಗ ಆಂಡರ್ಸನನ ಕೊಳಲು ಲಯದಲ್ಲಿಯೂ ಔಚಿತ್ಯದಲ್ಲಿಯೂ ನಿಲ್ಲುವುದು, ಶ್ರುತಿಯಲ್ಲಿಯೂ ವಿಸ್ತಾರದಲ್ಲಿಯೂ ಹಿಂದಾಗುವುದು. ಅದೇ ತಕ್ಕಡಿಯನ್ನು ನೆರೆಯವರ ಕೊಳಲಿಗೂ ಹಿಡಿಯುವುದು ಶಾಸ್ತ್ರೀಯ ಶ್ರವಣದ ಧರ್ಮ.