ಕಣ್ಣಿಗಿಂತ ಕಿವಿಗೆ: ‘ಬಾಗ್ಗಿ ಕ್ರೀಕ್’ ನೋಡಲು ಹೊರಟವರಿಗೆ

‘ದಿ ಲೆಜೆಂಡ್ ಆಫ್ ಬಾಗ್ಗಿ ಕ್ರೀಕ್’ ಶುರುವಾದ ಮೇಲೆ ಸಾಕಷ್ಟು ಹೊತ್ತು ತೆರೆಯ ಮೇಲೆ ಏನೂ ನಡೆಯುವುದಿಲ್ಲ. ನಿಂತ ನೀರು, ನೀರಿನಲ್ಲೇ ಕಾಲೂರಿ ನಿಂತ ಮರಗಳು, ಆಮೆ, ಹಕ್ಕಿ, ಕಪ್ಪೆಗಳ ಸದ್ದು. ಮಾತಿಲ್ಲ. ಆಮೇಲೆ ಒಬ್ಬ ಹುಡುಗ ಬಯಲು ದಾಟಿ ಓಡಿ ಬರುತ್ತಾನೆ. ಊರ ಅಂಗಡಿಯಲ್ಲಿ ಕೂತ ಗಂಡಸರಿಗೆ ಅಮ್ಮ ಹೇಳಿಕಳಿಸಿದ ಸುದ್ದಿ ಮುಟ್ಟಿಸುತ್ತಾನೆ: ಮನೆಯ ಹತ್ತಿರದ ಕಾಡಿನಲ್ಲಿ ಮೈತುಂಬ ಕೂದಲಿರುವ ಏನೋ ಒಂದು ಓಡಾಡುತ್ತಿದೆ. ಅವರು ಅದನ್ನು ಹಗುರವಾಗಿ ತೆಗೆದುಕೊಂಡು ಅವನನ್ನು ವಾಪಸು ಕಳಿಸುತ್ತಾರೆ. ಹುಡುಗ ಮನೆಯ ದಾರಿ ಹಿಡಿದಾಗ ಹೊತ್ತು ಮುಳುಗುತ್ತಿರುತ್ತದೆ. ಆಗ ಕಾಡಿನೊಳಗಿಂದ ಒಂದು ಕೂಗು.

ದೆವ್ವದ ಚಿತ್ರವೆಂದರೆ ಮೊದಲ ಐದು ನಿಮಿಷದಲ್ಲೇ ಒಂದು ಹೆಣ ಬೀಳಬೇಕು ಎಂದು ನಿರೀಕ್ಷಿಸುವವರು ಇಲ್ಲಿ ಚಿತ್ರವನ್ನು ಮುಂದಕ್ಕೆ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ನಿಂತ ನೀರಿನ ನಿಮಿಷಗಳಲ್ಲಿ ಕಿವಿ ಕಾಡಿನ ದಿನನಿತ್ಯದ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಹಾಗೆ ಒಗ್ಗಿಕೊಂಡಿದ್ದರೆ ಮಾತ್ರ ಅಲ್ಲಿಗೆ ಸೇರದ ಒಂದು ಸದ್ದು ಬಂದಾಗ ಮೈ ಜುಮ್ಮೆನ್ನುತ್ತದೆ. ಕಾಡಿನ ಐತಿಹ್ಯದ ಜೀವಿಯ ಬಗ್ಗೆ ಕಡಿಮೆ ಹಣದಲ್ಲಿ ಮಾಡಿದ ಚಿತ್ರಗಳನ್ನು ಸವಿಯುವುದಕ್ಕೆ ಇದೇ ಮೊದಲ ಪಾಠ, ನನ್ನ ಪ್ರಕಾರ ಬಹುಪಾಲು ಕೊನೆಯ ಪಾಠವೂ ಹೌದು. ಇವು ಕೇಳುವ ಚಿತ್ರಗಳು.

ಚಿತ್ರದ ಕತೆ ನಡೆಯುವ ಫೌಕ್ ಎಂಬ ಊರು ಅಮೆರಿಕದ ಆರ್ಕನ್ಸಾ ರಾಜ್ಯದ ನೈಋತ್ಯ ಮೂಲೆಯ ಮಿಲ್ಲರ್ ಕೌಂಟಿಯಲ್ಲಿದೆ. ಟೆಕ್ಸಸ್, ಲೂಸಿಯಾನಾ ಎರಡೂ ಅಲ್ಲಿಂದ ದೂರವಲ್ಲ. ಚಿತ್ರ ತಯಾರಾಗುವ ಕಾಲಕ್ಕೆ ಅಲ್ಲಿದ್ದವರು ಐನೂರು ಜನರ ಆಸುಪಾಸು. ಸುತ್ತ ಸಲ್ಫರ್ ನದಿಯ ಪಾತ್ರದ ಜೌಗು ಕಾಡು, ಕವಲು ಕವಲಾದ ತೊರೆಗಳು. ಅವುಗಳಲ್ಲೊಂದು ಬಾಗ್ಗಿ ಕ್ರೀಕ್. ಎರಡು ಕಾಲಿನ ಮೇಲೆ ನಡೆಯುವ, ಮೈಯೆಲ್ಲ ಕೂದಲಿನ ಒಂದು ಜೀವಿ ಈ ಕಾಡಿನಲ್ಲಿದೆ ಎಂಬ ಮಾತು ಹಳೆಯದು. ಆದರೆ ಅದು ಊರಾಚೆಗೆ ಹಬ್ಬಿದ್ದು 1971ರ ಮೇ ತಿಂಗಳಲ್ಲಿ. ಫೋರ್ಡ್ ಎಂಬ ಕುಟುಂಬ ಆಗಷ್ಟೇ ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ, ರಾತ್ರಿ ಸೋಫಾದ ಮೇಲೆ ಮಲಗಿದ್ದ ಎಲಿಜಬೆತ್ ಫೋರ್ಡ್ ಕಿಟಕಿಯಿಂದ ಒಂದು ಕೈ ಒಳಬಂದದ್ದನ್ನು ಕಂಡೆ ಎಂದರು. ಮನೆಯ ಹೊರಗೆ ಬಾಬಿ ಫೋರ್ಡ್ ತನ್ನನ್ನು ಏನೋ ಹಿಡಿದುಕೊಂಡಿತೆಂದು ಹೇಳಿ, ತರಚುಗಾಯಗಳೊಂದಿಗೆ ಹತ್ತಿರದ ನಗರ ಟೆಕ್ಸಾರ್ಕಾನಾದ ಆಸ್ಪತ್ರೆಗೆ ಹೋದರು. ಟೆಕ್ಸಾರ್ಕಾನಾದ ಪತ್ರಿಕೆಗಳು ಬರೆದವು. ಊರಿಗೆ ಬಂದೂಕು ಹಿಡಿದ ಅಪರಿಚಿತರು ಬಂದರು. ಅದೇ ವರ್ಷ ಸೋಯಾ ಅವರೆಯ ಹೊಲದಲ್ಲಿ ಮೂರು ಬೆರಳಿನ ಹೆಜ್ಜೆಗುರುತು ಸಿಕ್ಕಿತು. ಲಿಟಲ್ ರಾಕ್ ನಗರದ ಒಂದು ರೇಡಿಯೊ ಕೇಂದ್ರ ಆ ಜೀವಿಯನ್ನು ಹಿಡಿದವರಿಗೆ 1090 ಡಾಲರ್ ಬಹುಮಾನ ಘೋಷಿಸಿತು. 1090 ಆ ಕೇಂದ್ರದ ತರಂಗಾಂತರದ ಸಂಖ್ಯೆ.

ಟೆಕ್ಸಾರ್ಕಾನಾದಲ್ಲಿ ಜಾಹೀರಾತು ಕೆಲಸ ಮಾಡಿಕೊಂಡಿದ್ದ ಚಾರ್ಲ್ಸ್ ಬಿ. ಪಿಯರ್ಸ್‌ಗೆ ಇದರಲ್ಲಿ ಒಂದು ಚಿತ್ರ ಕಂಡಿತು. ಅದುವರೆಗೆ ಅವರು ಕಥಾಚಿತ್ರ ನಿರ್ದೇಶಿಸಿರಲಿಲ್ಲ. ಅಲ್ಲಿನದೇ ಒಂದು ಟ್ರಕ್ ಕಂಪನಿಯ ಮಾಲೀಕರಿಂದ ಸಾಲ ಎತ್ತಿದರು. ನಿರ್ದೇಶನ, ನಿರ್ಮಾಣ, ಛಾಯಾಗ್ರಹಣ ಮೂರೂ ಅವರದೇ. ಬರವಣಿಗೆ ಅರ್ಲ್ ಇ. ಸ್ಮಿತ್ ಅವರದು. ಖರ್ಚು ಒಟ್ಟು 1,60,000 ಡಾಲರ್ ಆಸುಪಾಸು ಎನ್ನುತ್ತಾರೆ. 1972ರಲ್ಲಿ ಟೆಕ್ಸಾರ್ಕಾನಾದ ಒಂದು ಹಳೆಯ ಚಿತ್ರಮಂದಿರವನ್ನು ಪಿಯರ್ಸ್ ತಾವೇ ಬಾಡಿಗೆಗೆ ಹಿಡಿದು ಚಿತ್ರ ಹಾಕಿದರು, ಜನ ಸಾಲುಗಟ್ಟಿದರು. ಮುಂದೆ ದೇಶದುದ್ದಕ್ಕೂ, ಕಾರಿನಲ್ಲಿ ಕೂತೇ ನೋಡುವ ಡ್ರೈವ್-ಇನ್‌ಗಳಲ್ಲಿ ಓಡಿದ ಆ ಚಿತ್ರ ಎರಡು ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತೆಂದು ಹೇಳಲಾಗುತ್ತದೆ. ಈ ಲೆಕ್ಕ ಸೋಜಿಗದ್ದು ನಿಜ, ಆದರೆ ರಸಿಕನಿಗೆ ಬೇಕಾದ್ದು ಬೇರೆ. ಹಣವಿಲ್ಲದ್ದರಿಂದ ಪಿಯರ್ಸ್ ಏನೇನು ಮಾಡಬೇಕಾಯಿತು, ಅದರಿಂದ ಚಿತ್ರಕ್ಕೆ ಎಂಥ ರೂಪ ಬಂತು ಎಂಬುದನ್ನು ಗಮನಿಸಿ.

ನಟರಿಗೆ ಕೊಡಲು ಹಣವಿರಲಿಲ್ಲ. ಹಾಗಾಗಿ ಫೌಕ್ ಊರಿನವರೇ ತೆರೆಗೆ ಬಂದರು. ಆ ಜೀವಿಯನ್ನು ಕಂಡೆವೆಂದು ಹೇಳುತ್ತಿದ್ದವರಲ್ಲಿ ಕೆಲವರು ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ಉಳಿದ ಪಾತ್ರಗಳಿಗೆ ಸುತ್ತಲಿನ ಜನರೇ. ಅವರಿಗೆ ಅಭಿನಯ ಗೊತ್ತಿಲ್ಲ. ಕ್ಯಾಮೆರಾ ಮುಂದೆ ಬಿಗಿಯಾಗಿ ನಿಲ್ಲುತ್ತಾರೆ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ, ಮಾತು ಒಪ್ಪಿಸಿದಂತೆ ಕೇಳುತ್ತದೆ. ಹೊಸಬರು ಇದನ್ನು ಕೆಟ್ಟ ನಟನೆ ಎಂದು ಬರೆದುಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಪಳಗಿದ ನಟನಿಗೆ ಭಯವನ್ನು ತೋರಿಸುವುದು ಗೊತ್ತು. ಈ ಜನ ಭಯವನ್ನು ತೋರಿಸಲು ಹೋಗುವುದೇ ಇಲ್ಲ. ನಡೆದದ್ದನ್ನು ನಡೆದ ಜಾಗದಲ್ಲಿ ನಿಂತು ಮತ್ತೊಮ್ಮೆ ಮಾಡಿ ತೋರಿಸುತ್ತಾರೆ. ನಮ್ಮೂರುಗಳಲ್ಲಿ ಕೊಳ್ಳಿದೆವ್ವ ಕಂಡವರು ಜಗಲಿಯ ಮೇಲೆ ಕೂತು ಹೇಳುವ ಧಾಟಿಯೂ ಇದೇ ತಾನೆ? ‘ಇಲ್ಲೇ, ಈ ಬೇಲಿ ಹತ್ರ ನಿಂತಿದ್ದೆ’ ಎಂದು ಸಪ್ಪೆಯಾಗಿ ಹೇಳಿದಷ್ಟೂ ಕೇಳುವವನಿಗೆ ನಡುಕ ಹೆಚ್ಚು. ಕನ್ನಡದ ಪ್ರೇಕ್ಷಕನಿಗೆ ಈ ಚಿತ್ರ ಒಗ್ಗುವುದಕ್ಕೆ ಈ ಕೇಳಿದ ಅಭ್ಯಾಸವೇ ಸಾಕು.

ಈ ಜನರ ನಡುವೆ ಹರ್ಬ್ ಜೋನ್ಸ್ ಎಂಬ ಮುದುಕರನ್ನು ಮರೆಯಬೇಡಿ. ಜೌಗಿನ ನಡುವೆ ಒಂಟಿಯಾಗಿ ಬದುಕುತ್ತಿದ್ದವರು. ಬಂದೂಕಿನ ಅವಘಡದಲ್ಲಿ ಪಾದದ ಒಂದಷ್ಟು ಭಾಗ ಕಳೆದುಕೊಂಡವರು. ಟ್ರ್ಯಾವಿಸ್ ಕ್ರಾಬ್‌ಟ್ರೀ ಎಂಬ ಯುವಕ ದೋಣಿಯಲ್ಲಿ ಅವರನ್ನು ನೋಡಲು ಹೋಗುತ್ತಾನೆ. ಇಷ್ಟು ವರ್ಷ ಆ ಕಾಡಿನ ಒಳಗೇ ಇದ್ದರೂ ಅಂಥದ್ದೇನನ್ನೂ ಕಂಡಿಲ್ಲವೆಂದು ಹರ್ಬ್ ಜೋನ್ಸ್ ತಣ್ಣಗೆ ಹೇಳುತ್ತಾರೆ. ಹೆದರಿಸಲು ಹೊರಟ ಚಿತ್ರದಲ್ಲಿ ನಂಬದವನ ಮಾತಿಗೂ ಇಷ್ಟು ಜಾಗ, ಇಷ್ಟು ಮರ್ಯಾದೆ. ಈ ಒಂದು ದೃಶ್ಯದಿಂದ ಉಳಿದೆಲ್ಲ ಸಾಕ್ಷಿಗಳ ಮಾತಿಗೆ ತೂಕ ಬರುತ್ತದೆ. ಎಲ್ಲರೂ ಕಂಡೆವು ಕಂಡೆವು ಎನ್ನುತ್ತಿದ್ದರೆ ನಾವು ಅನುಮಾನಿಸುತ್ತಿದ್ದೆವು.

ಇನ್ನು ಜೀವಿ. ಅದು ಗೊರಿಲ್ಲಾ ವೇಷ ತೊಟ್ಟ ಮನುಷ್ಯ, ಅಷ್ಟೆ. ಹತ್ತಿರದಿಂದ ತೋರಿಸಿದ್ದರೆ ಜನ ನಕ್ಕು ಎದ್ದು ಹೋಗುತ್ತಿದ್ದರು. ಪಿಯರ್ಸ್ ಅದನ್ನು ಕೊಂಬೆಗಳ ಹಿಂದೆ, ತೊರೆಯ ಆಚೆ ದಡದಲ್ಲಿ, ಕತ್ತಲಲ್ಲಿ, ಅರೆಮಸುಕಿನಲ್ಲಿ ಇಟ್ಟರು. ಚೌಕಟ್ಟಿನ ಅಗಲವನ್ನು ಗಮನಿಸಿ. ಚಿತ್ರ ತೆಗೆದದ್ದು ಟೆಕ್ನಿಸ್ಕೋಪ್ ಎಂಬ ವಿಧಾನದಲ್ಲಿ. ಸಾಮಾನ್ಯ 35 ಮಿಲಿಮೀಟರ್ ಫಿಲಮ್ಮಿನಲ್ಲಿ ಒಂದೊಂದು ಚಿತ್ರ ನಾಲ್ಕು ರಂಧ್ರಗಳ ಎತ್ತರ ಹಿಡಿದರೆ ಇದರಲ್ಲಿ ಎರಡೇ ರಂಧ್ರ. ಒಂದೇ ರೀಲಿನಲ್ಲಿ ಎರಡರಷ್ಟು ಹೊತ್ತು ಚಿತ್ರಿಸಬಹುದು, ಫಿಲಮ್ಮಿನ ಖರ್ಚು ಅರ್ಧ. ಸಿಗುವ ಚೌಕಟ್ಟು ತುಂಬ ಅಗಲ, ಕಾಳು ಕಾಳಾದ ಒರಟು ಬಿಂಬ. ಉಳಿತಾಯದ ಈ ದಾರಿ ಕಾಡಿನ ಚಿತ್ರಕ್ಕೆ ವರವಾಯಿತು. ನಡುವೆ ಮನುಷ್ಯ ನಿಂತಿದ್ದರೆ ಎಡಕ್ಕೂ ಬಲಕ್ಕೂ ಮರಗಳ ಗೋಡೆ. ನಮ್ಮ ಕಣ್ಣು ತಾನಾಗಿಯೇ ಅಂಚುಗಳನ್ನು ತಡಕುತ್ತದೆ, ಅಲ್ಲಿ ಏನೂ ಇಲ್ಲದಿದ್ದರೂ. ಒರಟು ಬಿಂಬದ ಮಬ್ಬಿನಲ್ಲಿ ಬೊಡ್ಡೆಯೂ ಜೀವಿಯಂತೆ ಕಾಣುತ್ತದೆ. ಹಾಗಾಗಿ ಈ ಚಿತ್ರ ನೋಡುವಾಗ ಮಾತನಾಡುವವನ ಮುಖವನ್ನು ಬಿಟ್ಟು ಅವನ ಬೆನ್ನ ಹಿಂದೆ ನೋಡಿ.

ಇದರ ಜೊತೆಗೆ ನಿರೂಪಕನ ಧ್ವನಿ. ವರ್ನ್ ಸ್ಟಿಯರ್ಮನ್ ಅವರದು. ಮೊದಲ ದೃಶ್ಯದ ಹುಡುಗನೇ ಈಗ ದೊಡ್ಡವನಾಗಿ ಕತೆ ಹೇಳುತ್ತಿದ್ದಾನೆ. ಏರಿಳಿತ ಕಡಿಮೆ, ಅವಸರವಿಲ್ಲ. ಊರು ಎಂಥದ್ದು, ಯಾರ ಮನೆ ಎಲ್ಲಿ, ಯಾರು ಯಾವತ್ತು ಏನು ಕಂಡರು ಎಂದು ದಾಖಲೆಯಂತೆ ಹೇಳುತ್ತಾ ಹೋಗುತ್ತಾನೆ. ಆದರೆ ಜೀವಿಯ ಕೂಗಿನ ಮಾತು ಬಂದಾಗ ಆ ಧ್ವನಿಯಲ್ಲಿ ಹೆದರಿಕೆಯ ಜೊತೆ ಇನ್ನೊಂದು ಭಾವ ಸೇರುತ್ತದೆ. ಅದು ಹಂಬಲ. ಆ ಜೀವಿ ಒಂಟಿ, ತನ್ನವರನ್ನು ಹುಡುಕುತ್ತಾ ಅಳುತ್ತಿರಬಹುದು ಎಂಬ ಅನುಮಾನ ಚಿತ್ರದುದ್ದಕ್ಕೂ ಇದೆ. ನಡುವೆ ಬರುವ ಹಾಡೊಂದು ಆ ಒಂಟಿತನದ ಬಗ್ಗೆಯೇ. ಭಯದ ಚಿತ್ರದ ನಡುವೆ ಭೂತಕ್ಕೊಂದು ವಿರಹಗೀತೆ! ಟ್ರ್ಯಾವಿಸ್ ದೋಣಿಯಲ್ಲಿ ಹೋಗುವಾಗ ಇನ್ನೊಂದು ಹಾಡಿದೆ. ಹಲವರಿಗೆ ಇವು ತಮಾಷೆಯಾಗಿ ಕಾಣುತ್ತವೆ. ನಾನು ಇವುಗಳಿಗೆ ಪೂರ್ತಿ ಕಿವಿಗೊಡಲು ಹೇಳುತ್ತೇನೆ, ಏಕೆಂದರೆ ಬೊಲಿವಿಯಾ ಮೂಲದ ಜೈಮೆ ಮೆಂಡೋಜಾ-ನಾವಾ ಅವರ ಸಂಗೀತ ಇಲ್ಲಿ ಹೆದರಿಸುವ ಕೆಲಸವನ್ನು ಬಿಟ್ಟು ಆ ಜೀವಿಯ ಪಕ್ಷ ವಹಿಸುತ್ತದೆ.

ಕೊರತೆಗಳಿಲ್ಲವೆಂದಲ್ಲ. ನಡುಭಾಗ ಜಗ್ಗುತ್ತದೆ. ಒಂದಾದ ಮೇಲೊಂದು ಘಟನೆ ಬರುತ್ತದೆ, ಒಂದಕ್ಕೊಂದು ಕೊಂಡಿಯಿಲ್ಲ. ಬೆಕ್ಕಿನ ಮರಿಯೊಂದು ಹೆದರಿ ಸತ್ತಿತೆಂಬ ಪ್ರಸಂಗ, ಬೇರೆ ಕಡೆಯಿಂದ ತಂದ ಬೇಟೆನಾಯಿಗಳು ವಾಸನೆ ಹಿಡಿದು ಮುಂದೆ ಹೋಗಲು ಒಲ್ಲೆವೆಂದ ಪ್ರಸಂಗ: ಇವುಗಳಲ್ಲಿ ಎರಡನೆಯದು ಚೆನ್ನ, ಮೊದಲನೆಯದು ಸಾಧಾರಣ.

ಕೊನೆಯ ಭಾಗಕ್ಕೆ ಮಾತ್ರ ದೀಪ ಆರಿಸಿ, ಫೋನ್ ಬದಿಗಿಟ್ಟು ಕೂರಿ. ಫೋರ್ಡ್ ಕುಟುಂಬದ ರಾತ್ರಿಗಳು ಅಲ್ಲಿವೆ. ಅದುವರೆಗೆ ಜೀವಿ ಕಾಡಿನದು, ಮನುಷ್ಯರು ಅಲ್ಲಿಗೆ ಹೋದವರು. ಈಗ ಅದು ಮನೆಗೇ ಬಂದಿದೆ. ತೆಳು ಗೋಡೆ, ಕಿಟಕಿಯ ಪರದೆ, ಕಟ್ಟೆಯ ಮೇಲೆ ಹಲಗೆ ಕಿರ್ರೆನ್ನುವ ಸದ್ದು, ಬಾಗಿಲ ಹಿಡಿ ತಿರುಗುವುದು. ಗಂಡಸರು ಇನ್ನೂ ಕೆಲಸದಿಂದ ಬಂದಿಲ್ಲ. ಇಲ್ಲಿ ಪಿಯರ್ಸ್ ನಿರೂಪಕನನ್ನೂ ಬಹುಮಟ್ಟಿಗೆ ಸುಮ್ಮನಾಗಿಸುತ್ತಾರೆ. ಕಿಟಕಿಯಿಂದ ಕೈ ಬರುವ ಕ್ಷಣ ಇಂದಿನ ಲೆಕ್ಕದಲ್ಲಿ ಬಹಳ ಸರಳ. ಆದರೂ ಕೆಲಸ ಮಾಡುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ನಾವು ಗಂಟೆಗೂ ಮೀರಿ ಕಿವಿಗೊಟ್ಟು ಕೂತಿರುತ್ತೇವೆ.

ರಕ್ತವಿಲ್ಲ, ಕೊಲೆಯಿಲ್ಲ. ಅಮೆರಿಕದ ಪ್ರಮಾಣಪತ್ರ ಮಂಡಳಿ ಇದನ್ನು ಎಲ್ಲ ವಯಸ್ಸಿನವರೂ ನೋಡಬಹುದೆಂದು ‘ಜಿ’ ದರ್ಜೆಯಲ್ಲಿ ಬಿಟ್ಟಿತು. ಮಕ್ಕಳು ಕುಟುಂಬದೊಂದಿಗೆ ಹೋಗಿ ನೋಡಿದರು. ಚಿತ್ರದ ನಿಜವಾದ ಪ್ರಭಾವ ಶುರುವಾದದ್ದು ಅಲ್ಲಿಂದ. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ನಿರ್ದೇಶಿಸಿದ ಇಬ್ಬರಲ್ಲಿ ಒಬ್ಬರಾದ ಡೇನಿಯಲ್ ಮೈರಿಕ್ ತಮ್ಮ ಮೇಲೆ ಆದ ಪ್ರಭಾವಗಳಲ್ಲಿ ಬಾಗ್ಗಿ ಕ್ರೀಕ್ ಅನ್ನು ಹೆಸರಿಸಿದ್ದಾರೆ. ಕಾಡು, ಸಾಕ್ಷಿ ಹೇಳುವ ಊರವರು, ತೋರಿಸದೆ ಕೇಳಿಸುವುದು, ಇದೆಲ್ಲ ನಡೆದದ್ದೇ ಎಂಬ ಹಟ: ನಾಲ್ಕೂ ಬ್ಲೇರ್ ವಿಚ್‌ಗೆ ಅಲ್ಲಿಂದ ಬಂದವು. ಬ್ಲೇರ್ ವಿಚ್ ಹಾಕಿಕೊಟ್ಟ ದಾರಿಯಲ್ಲೇ 2013ರಲ್ಲಿ ಕನ್ನಡದ ‘6-5=2’ ಬಂತು. ಚಾರಣಕ್ಕೆ ಹೋದ ಯುವಕ ಯುವತಿಯರು, ಅವರದೇ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ನಿರೂಪಣೆ. ತಾರೆಯರಿಲ್ಲದ ಆ ಚಿತ್ರ ನೋಡಿ ಹೆದರಿದ ಕನ್ನಡಿಗರು, ತಮಗೆ ಗೊತ್ತಿಲ್ಲದೆಯೇ, ಫೌಕ್ ಊರಿನ ಆ ಕೂಗಿನ ಒಂದು ಮರುದನಿಯನ್ನು ಕೇಳಿದ್ದಾರೆ.

ಊರಿನವರಿಗೆ ಏನು ದಕ್ಕಿತು ಎಂಬುದನ್ನೂ ರಸಿಕರು ತಿಳಿದಿರಬೇಕು. ತಮ್ಮ ಹೆಸರು, ಮುಖ, ಬದುಕು ತೆರೆಯ ಮೇಲೆ ಬಂದ ರೀತಿಯ ಬಗ್ಗೆ ಫೌಕ್‌ನ ಎಲ್ಲರಿಗೂ ಸಮಾಧಾನವಿರಲಿಲ್ಲ. ಟ್ರ್ಯಾವಿಸ್‌ನ ತಂದೆ ಸ್ಮೋಕಿ ಕ್ರಾಬ್‌ಟ್ರೀ 1974ರಲ್ಲಿ ತಮ್ಮದೇ ಪುಸ್ತಕ ಬರೆದು ತಮ್ಮ ಕಡೆಯ ಕತೆ ಹೇಳಿದರು. ಇಂದು ಊರಿನ ಹೆದ್ದಾರಿಯ ಪಕ್ಕದಲ್ಲಿ ಆ ಜೀವಿಯ ಹೆಸರಿನಲ್ಲೇ ‘ಮಾನ್‌ಸ್ಟರ್ ಮಾರ್ಟ್’ ಎಂಬ ಅಂಗಡಿ ಇದೆ. ಜನಪದರ ಕತೆ ಚಿತ್ರವಾದಾಗ ಹಣ ಯಾರಿಗೆ, ಹೆಸರು ಯಾರಿಗೆ ಎಂಬ ಪ್ರಶ್ನೆಯನ್ನು ನಾನು ಈ ಚಿತ್ರದಿಂದ ಬೇರ್ಪಡಿಸಿ ನೋಡಲಾರೆ. ಚಿತ್ರದ ಸತ್ವವೆಲ್ಲ ಬಂದದ್ದು ಆ ಜನರ ಮಾತಿನಿಂದ.

ಯಾವ ಪ್ರತಿ ನೋಡಬೇಕೆಂಬುದು ಇಲ್ಲಿ ಸಣ್ಣ ವಿಷಯವಲ್ಲ. ಬಹುಕಾಲ ಸುತ್ತಾಡಿದ್ದು ಟಿವಿಗಾಗಿ ಎಡಬಲ ಕತ್ತರಿಸಿದ, ಕಪ್ಪಿಟ್ಟ ಪ್ರತಿಗಳು. ಅವುಗಳಲ್ಲಿ ಅಂಚುಗಳೇ ಇಲ್ಲ, ಅಂದರೆ ಕಾಡೇ ಇಲ್ಲ. ಪಿಯರ್ಸ್ ತೀರಿಕೊಂಡದ್ದು 2010ರಲ್ಲಿ. ಆಮೇಲೆ ಅವರ ಮಗಳು ಪಮ್ಯುಲಾ ಪಿಯರ್ಸ್ ಬಾರ್ಸಲೂ ಚಿತ್ರವನ್ನು ಪುನರುದ್ಧಾರ ಮಾಡಿಸಿ 2019ರಲ್ಲಿ ಹೊರತಂದರು. ಅದನ್ನೇ ಹುಡುಕಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ನೋಡಿದ ಮೇಲೆ ಪಿಯರ್ಸ್ ಅವರದೇ ‘ದಿ ಟೌನ್ ದಟ್ ಡ್ರೆಡೆಡ್ ಸನ್‌ಡೌನ್’ (1976) ನೋಡಬಹುದು. ಟೆಕ್ಸಾರ್ಕಾನಾದಲ್ಲಿ 1946ರಲ್ಲಿ ನಿಜವಾಗಿ ನಡೆದ ಕೊಲೆಗಳ ಬಗ್ಗೆ ಇದೇ ದಾಖಲೆಯ ಧಾಟಿಯಲ್ಲಿದೆ, ಆದರೆ ಅದು ಮಕ್ಕಳಿಗಲ್ಲ. ಬಾಗ್ಗಿ ಕ್ರೀಕ್‌ನ ಮುಂದುವರಿಕೆಗಳನ್ನು ಸದ್ಯಕ್ಕೆ ಬಿಡಿ. ಬ್ಲೇರ್ ವಿಚ್ ಈಗಾಗಲೇ ನೋಡಿದ್ದರೆ ಬಾಗ್ಗಿ ಕ್ರೀಕ್ ಆದಮೇಲೆ ಅದನ್ನು ಮತ್ತೊಮ್ಮೆ ನೋಡಿ. ಅದರ ಆರಂಭದಲ್ಲಿ ಊರವರು ಕ್ಯಾಮೆರಾ ಮುಂದೆ ನಿಂತು ಮಾಟಗಾತಿಯ ಬಗ್ಗೆ ಹೇಳುವ ಆ ಕೆಲವು ನಿಮಿಷಗಳನ್ನು ಈ ಸಲ ತಪ್ಪದೆ ಕೇಳಿಸಿಕೊಳ್ಳಿ.