ಒಪ್ಪಲೂ ಆಗದ, ಬಿಡಲೂ ಆಗದ ನಾಯಕ

ಉಪೇಂದ್ರ ನಿರ್ದೇಶಿಸಿದ ‘ಓಂ’ ತೆರೆಗೆ ಬಂದದ್ದು 1995ರಲ್ಲಿ. ಅದರ ನಾಯಕ ಸತ್ಯ ಪುರೋಹಿತರ ಮನೆಯ ಹುಡುಗ, ಕೈಯಲ್ಲಿ ಮಾತ್ರ ಲಾಂಗು. ಕಥೆಯನ್ನು ಹಿಂದುಮುಂದಾಗಿಸಿದ್ದೇ ಚಿತ್ರದ ಜಾಣ್ಮೆ. ಮೊದಲು ರೌಡಿಯನ್ನು ಕಂಡು ಬೆಚ್ಚುತ್ತೇವೆ; ಅವನು ಹೀಗಾದದ್ದು ಯಾಕೆಂದು ತಿಳಿಯುವ ಹೊತ್ತಿಗೆ ಕನಿಕರ ಹುಟ್ಟಿರುತ್ತದೆ. ಹಾಗೆಂದು ನಾಯಕಿ ಮಾಧುರಿಯನ್ನು ಅವನು ಕಾಡುವ ಪರಿಯನ್ನು ಕ್ಷಮಿಸಲಾಗದು. ಈ ಇಕ್ಕಟ್ಟನ್ನು ಸತ್ಯನ ಪಾತ್ರದ ಶಿವರಾಜಕುಮಾರ್ ಕಣ್ಣಲ್ಲೇ ಹಿಡಿದಿಡುತ್ತಾರೆ: ಅಬ್ಬರದ ನಡುವೆಯೂ ಅಲ್ಲಿ ಸೋತ ಮಗನೊಬ್ಬನಿದ್ದಾನೆ. ಬೆಂಗಳೂರು ಭೂಗತ ಲೋಕದ ನಿಜವಾದ ಮುಖಗಳೂ ಪಾತ್ರ ಮಾಡಿದ್ದರಿಂದ ಚಿತ್ರದ ಭಯಕ್ಕೆ ಬಣ್ಣ ಬಳಿಯಬೇಕಾಗಲಿಲ್ಲ.

ಇಂಥದೇ ಇಕ್ಕಟ್ಟಿನ ನಾಯಕ ಬೇರೆಡೆಯೂ ಇದ್ದಾನೆ. ಸೋವಿಯತ್ ಒಕ್ಕೂಟ ಕುಸಿದ ಮೇಲಿನ ರಷ್ಯಾದಲ್ಲಿ, 1997ರಲ್ಲಿ, ಅಲೆಕ್ಸಿ ಬಾಲಬಾನೊವ್ ‘ಬ್ರಾತ್’ ಚಿತ್ರ ತೆಗೆದರು. ಸೈನ್ಯದಿಂದ ಮರಳಿದ ಅದರ ನಾಯಕ ದನೀಲಾ ಬಡವರಿಗೆ ನೆರವಾಗುತ್ತಾನೆ, ಪರಕೀಯರನ್ನು ಹೀಗಳೆಯುತ್ತಾನೆ, ಹಾಡು ಕೇಳುತ್ತಲೇ ಕೊಲ್ಲುತ್ತಾನೆ. ದನೀಲಾ ತಣ್ಣಗಿದ್ದರೆ ಸತ್ಯ ಉರಿಯುತ್ತಾನೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯವರಿಗೆ ಇಂಥ ನಾಯಕ ಹೊಸಬನೇನಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಸಂಗ್ಯಾ ಮತ್ತೊಬ್ಬನ ಹೆಂಡತಿಗೆ ಮನಸೋತವನು. ತಪ್ಪು ಅವನದೇ ಎಂದು ಎಲ್ಲರಿಗೂ ಗೊತ್ತು. ಆದರೂ ಅವನ ಕೊಲೆಯಾದಾಗ ಕರುಳು ಚುರ್ ಎನ್ನುತ್ತದೆ.

‘ಓಂ’ ನಂತರ ಗಾಂಧಿನಗರದ ಕನ್ನಡ ಚಿತ್ರರಂಗ ಲಾಂಗನ್ನು ಎತ್ತಿಕೊಂಡಿತು. ಅದನ್ನು ಹಿಡಿದವನ ಸಂಕಟವನ್ನು ಎತ್ತಿಕೊಂಡ ಚಿತ್ರಗಳು ಕಡಿಮೆ. ಸತ್ಯ ಇನ್ನೂ ಹಳತಾಗದಿರುವುದು ಆ ಸಂಕಟದಿಂದಲೇ.