ಓರೆಯಕ್ಷರದ ಇಕ್ಕಟ್ಟು: ಒಂದು ಪರಿಶೀಲನೆ

ಮುದ್ರಣದ ಇತಿಹಾಸವನ್ನು ಹೇಳುವ ಕೈಪಿಡಿಗಳಲ್ಲಿ ಒಂದು ಮಾತು ಪದೇಪದೇ ಬರುತ್ತದೆ: ಇಟಾಲಿಕ್ ಎಂಬ ಇಕ್ಕಟ್ಟಾದ ಓರೆಯಕ್ಷರವು ಕಾಗದದ ಉಳಿತಾಯಕ್ಕಾಗಿಯೇ ಹುಟ್ಟಿತು ಎಂಬುದು. ಈ ಅಭಿಪ್ರಾಯವು ಆಧಾರಗಳ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದು ಅಗತ್ಯ. ಏಕೆಂದರೆ, ಹುಟ್ಟಿನ ಕಾರಣವನ್ನು ತಪ್ಪಾಗಿ ತಿಳಿದರೆ ಬಳಕೆಯ ಔಚಿತ್ಯವೂ ತಪ್ಪುತ್ತದೆ.

ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸನಿಗಾಗಿ ಬೊಲೋನ್ಯದ ಫ್ರಾಂಚೆಸ್ಕೊ ಗ್ರಿಫೊ ಈ ಮೊಳೆಗಳನ್ನು ಕೊರೆದನು. ೧೫೦೦ರಲ್ಲಿ ಸಂತ ಕ್ಯಾಥರೀನಳ ಪತ್ರಸಂಗ್ರಹದ ಒಂದು ಚಿತ್ರದಲ್ಲಿ ಕೆಲವೇ ಪದಗಳಾಗಿ ಇವು ಕಾಣಿಸಿಕೊಂಡವು. ೧೫೦೧ರ ವರ್ಜಿಲ್ ಕೃತಿಯಲ್ಲಿ ಇಡೀ ಗ್ರಂಥವನ್ನೇ ವ್ಯಾಪಿಸಿದವು. ಅಂದಿನ ವಿದ್ವಾಂಸರ ವೇಗದ ಕೈಬರಹವೇ ಇವುಗಳ ಮಾದರಿ. ದೊಡ್ಡಕ್ಷರಗಳು ಮಾತ್ರ ನೆಟ್ಟಗೇ ಉಳಿದವು.

ಈಗ ಉಳಿತಾಯದ ವಾದವನ್ನು ನೋಡೋಣ. ವರ್ಜಿಲನದು ಪದ್ಯಕೃತಿ. ಪದ್ಯದಲ್ಲಿ ಒಂದು ಚರಣಕ್ಕೆ ಒಂದು ಸಾಲು ಬೇಕೇ ಬೇಕು; ಅಕ್ಷರವನ್ನು ಎಷ್ಟು ಇಕ್ಕಟ್ಟು ಮಾಡಿದರೂ ಸಾಲುಗಳ ಸಂಖ್ಯೆ ಇಳಿಯದು. ಇಕ್ಕಟ್ಟಿನ ಫಲವೆಂದರೆ, ಉದ್ದನೆಯ ಚರಣವು ಕಿರುಪುಟದ ಅಗಲದಲ್ಲಿ ಮುರಿಯದೆ ಹಿಡಿಸುವುದು. ಇದಲ್ಲದೆ, ಕೈಬರಹವನ್ನು ಹೋಲುವಂತೆ ಹತ್ತಾರು ಕೂಡಕ್ಷರಗಳನ್ನು ಬೇರೆಯಾಗಿ ಕೊರೆಯಬೇಕಾಯಿತು. ಮಿತವ್ಯಯವೊಂದೇ ಗುರಿಯಾಗಿದ್ದವನು ಈ ಶ್ರಮವನ್ನು ವಹಿಸುತ್ತಿರಲಿಲ್ಲ. ಗ್ರಂಥದ ಗಾತ್ರ ನಿಜವಾಗಿ ತಗ್ಗಿದ್ದು ಮೂಲವನ್ನು ಸುತ್ತುವರಿಯುತ್ತಿದ್ದ ವ್ಯಾಖ್ಯಾನವನ್ನು ಕೈಬಿಟ್ಟುದರಿಂದ. ಗದ್ಯಗ್ರಂಥಗಳಲ್ಲಿ ಇಕ್ಕಟ್ಟಿನಿಂದ ಕೊಂಚ ಕಾಗದ ಉಳಿದಿರಬಹುದು. ಆದರೆ ಅದು ಪರಿಣಾಮವೇ ಹೊರತು ಕಾರಣವಲ್ಲ. ಕೈಯಲ್ಲಿ ಹಿಡಿದು ಓದುವ ಕಿರುಹೊತ್ತಗೆಗೆ ವಿದ್ವಾಂಸನ ಕೈಬರಹದ ಆತ್ಮೀಯತೆಯನ್ನು ತರುವುದೇ ಇಲ್ಲಿನ ಮುಖ್ಯ ಉದ್ದೇಶವೆಂದು ತೋರುತ್ತದೆ.

ಇದರ ಶ್ರೇಯಸ್ಸಿನ ಹಂಚಿಕೆಯೂ ಗಮನಾರ್ಹ. ವರ್ಜಿಲ್ ಮುದ್ರಣದಲ್ಲಿ ಗ್ರಿಫೊವಿನ ಪ್ರಶಂಸೆಯಿದೆ. ಆದರೆ ೧೫೦೨ರಲ್ಲಿ ವೆನಿಸ್ ಸರ್ಕಾರವು ಈ ಅಕ್ಷರದ ಏಕಸ್ವಾಮ್ಯವನ್ನು ಕೊಟ್ಟದ್ದು ಆಲ್ಡಸನಿಗೆ. ಗ್ರಿಫೊವೇ ಇದರ ನಿರ್ಮಾತೃವೆಂದು ಫಾನೊ ಪಟ್ಟಣದ ಮುದ್ರಕ ಸೊನ್‌ಚಿನೊ ೧೫೦೩ರಲ್ಲಿ ಸಾರಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸನ್ನಿವೇಶ ಬದಲಾಯಿತು. ೧೮೨೭ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಿಂದ ಹೇರಳವಾಗಿ ತಯಾರಿಸತೊಡಗಿದ ಮೇಲೆ ಭಿತ್ತಿಪತ್ರದ ಅಕ್ಷರಗಳು ಬೃಹದಾಕಾರವನ್ನು ತಾಳಿದವು. ಇಲ್ಲಿ ಇಕ್ಕಟ್ಟಿನ ಅರ್ಥವೇ ಬೇರೆ: ಹಾಳೆಯ ಅಗಲ ನಿಶ್ಚಿತ, ಪದ ಉದ್ದ, ಆದ್ದರಿಂದ ಅಕ್ಷರವನ್ನು ಕಿರಿದಾಗಿಸಿದಷ್ಟೂ ಎತ್ತರಿಸಬಹುದು. ಕಿರುಹೊತ್ತಗೆಯಲ್ಲಿ ಆಪ್ತವಾಗಿದ್ದ ಗುಣವು ಬೀದಿಯಲ್ಲಿ ಘೋಷಣೆಯಾಯಿತು. ಓರೆಯು ಚಲನೆಯನ್ನೂ, ತುದಿಗಳ ಸೆರಿಫ್ ಕುಡಿಗಳು ಹರಿತವನ್ನೂ ಸೂಚಿಸುತ್ತವೆ. ಶೀರ್ಷಿಕೆಯ ಎರಡು ಮೂರು ಪದಗಳಿಗೆ ಇದು ಒಪ್ಪುತ್ತದೆ. ಇಡೀ ಪುಟಕ್ಕೆ ಹಬ್ಬಿಸಿದರೆ ಕಣ್ಣು ದಣಿಯುತ್ತದೆ.

ಆದರೆ ಇಂತಹ ಅಕ್ಷರವನ್ನು ಹೊಸದಾಗಿ ರಚಿಸಬೇಕೇ ಹೊರತು ಇದ್ದುದನ್ನು ಯಾಂತ್ರಿಕವಾಗಿ ಹಿಸುಕಬಾರದು. ಹಿಸುಕಿದಾಗ ನಿಂತ ಗೆರೆಗಳು ಸೊರಗುತ್ತವೆ, ಅಡ್ಡಗೆರೆಗಳು ಮೊದಲಿನ ದಪ್ಪದಲ್ಲೇ ಉಳಿಯುತ್ತವೆ, ಓರೆಯೂ ಕುಗ್ಗುತ್ತದೆ.

ಗಣಕಯಂತ್ರದಲ್ಲಿ ಕನ್ನಡವನ್ನು ಓರೆಮಾಡುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಪಾದರೇಖೆಯನ್ನು ಆಧರಿಸಿ ಅಕ್ಷರವನ್ನು ಬಲಕ್ಕೆ ವಾಲಿಸಿದರೆ ತಲೆಕಟ್ಟು ಬಲಕ್ಕೂ, ಕೆಳಗಿನ ಒತ್ತಕ್ಷರ ಎಡಕ್ಕೂ ಸರಿಯುತ್ತವೆ. ಒತ್ತು ತನ್ನ ಅಕ್ಷರವನ್ನು ಬಿಟ್ಟು ಹಿಂದಿನದರ ಕಡೆಗೆ ಜಾರುತ್ತದೆ. ಗ್ರಿಫೊ ಅನುಸರಿಸಿದ್ದು ಜೀವಂತವಾದ ಒಂದು ಕೈಬರಹವನ್ನು. ಅಂತಹ ಆಧಾರವಿಲ್ಲದ ಓರೆಯು ಕೇವಲ ವಾಲಿಕೆ.